ಸ್ಕಂದಗಿರಿ ಟ್ರೆಕ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ನೋಡಿ ಸ್ಕಂದಗಿರಿ ಟ್ರೆಕ್‌ಗೆ ದುಡ್ಡು ಕಟ್ಟುವವರು ದಯವಿಟ್ಟು ಇದನ್ನು ಓದಿ. ದುಡ್ಡು ತೆಗೆದುಕೊಂಡವರು ನಿಮ್ಮ ಗುರುತಿನ ಚೀಟಿ ಕೇಳಲಿಲ್ಲವೇ? ಹಾಗಾದರೆ ನಿಮ್ಮ ಹೆಸರಲ್ಲಿ ಅರಣ್ಯ ಇಲಾಖೆಯ ಟಿಕೆಟ್ ಆಗಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ಏಳು ಜನರ ದುಡ್ಡು ಹೋಯಿತು, ಜೊತೆಗೆ ಮರ್ಯಾದೆಯೂ ಹೋಯಿತು.

ಗೆಳೆಯರು ಐದು ಜನ, ನಾನು, ಮತ್ತೆ ಎಂಟನೇ ಕ್ಲಾಸಿನಲ್ಲಿ ಓದುವ ನನ್ನ ಅಕ್ಕನ ಮಗ. ಅವನಿಗೆ ಕೋಟೆ ಅಂದರೆ ಪ್ರಾಣ. ಸ್ಕಂದಗಿರಿ, ಅಂದರೆ ಕಳವಾರ ಬೆಟ್ಟದ ಮೇಲೆ ಟಿಪ್ಪು ಕಾಲದ ಕೋಟೆ ಇದೆ, ಬಿದ್ದ ಗೋಡೆಗಳ ನಡುವೆ ಸಣ್ಣ ಗುಡಿ ಇದೆ, ಕೆಳಗೆಲ್ಲ ಮೋಡ ಕಾಣುತ್ತದೆ ಅಂತ ನಾನೇ ಅವನಿಗೆ ಆಸೆ ಹುಟ್ಟಿಸಿದ್ದೆ. ಒಬ್ಬ ಗೆಳೆಯ ಮೊದಲೇ ಹೇಳಿದ್ದ, "ಚಿಕ್ಕಬಳ್ಳಾಪುರ ಏನು ದೂರ ಮಾರಾಯ, ಕಾರಲ್ಲಿ ನಾವೇ ಹೋಗೋಣ, ನಾವೇ ಬುಕ್ ಮಾಡೋಣ" ಅಂತ. ನಾನು ಕೇಳಲಿಲ್ಲ. ಜಾಹೀರಾತಿನವರದು ತಲೆಗೆ 1,499, ಟಿಟಿ (ಟೆಂಪೋ ಟ್ರಾವೆಲರ್), ತಿಂಡಿ, ಗೈಡ್, ಪರ್ಮಿಟ್ (ಅಂದರೆ ಇಲಾಖೆಯ ಟಿಕೆಟ್) ಎಲ್ಲ ಸೇರಿ. ಪರ್ಮಿಟ್ ತಲೆನೋವು ಅವರೇ ನೋಡಿಕೊಳ್ಳುತ್ತಾರೆ ಅಂದೆ. "ಕೊನೆಯ 8 ಸೀಟು ಸರ್, ಫುಲ್ ಪೇಮೆಂಟ್ ಮಾಡಿದ್ರೆ ಮಾತ್ರ ಕನ್ಫರ್ಮ್" ಅಂದರು. 10,493 ರೂಪಾಯಿ ಒಂದೇ ಸಲ ಕಳಿಸಿದೆ.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಬಿಗಿ ಮಾಡಿದ್ದು ನಿಮಗೆ ಗೊತ್ತೇ ಇದೆ. ಆನ್‌ಲೈನ್ ಬುಕಿಂಗ್ ಬೇಕು, ಒಂದು ದಾರಿಗೆ ದಿನಕ್ಕೆ 300 ಜನ ಮಾತ್ರ, ಹೋಗುವ ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿ ಕೊಡಬೇಕು. ನನಗೂ ಗೊತ್ತಿತ್ತು. ಗೊತ್ತಿದ್ದೂ, ನಮ್ಮ ಆಧಾರ್ ಯಾಕೆ ಕೇಳಲಿಲ್ಲ ಅಂತ ಒಂದು ಮಾತು ಕೇಳಲಿಲ್ಲ.

ಶನಿವಾರ ರಾತ್ರಿ ಎರಡೂವರೆಗೆ ಮೆಜೆಸ್ಟಿಕ್‌ನಲ್ಲಿ ಟಿಟಿ ಹತ್ತಿದೆವು. ಹೆಬ್ಬಾಳದಲ್ಲಿ ಗೈಡ್ ಹತ್ತಿದ, ಇಪ್ಪತ್ತು ವರ್ಷದ ಹುಡುಗ. ಪಾಪಾಗ್ನಿ ಮಠದ ಹತ್ತಿರ ಇಳಿದಾಗ ಇನ್ನೂ ಕತ್ತಲು. ಗೇಟಿನಲ್ಲಿ ಹುಡುಗ ಮೊಬೈಲ್ ತೋರಿಸಿದ. ಇಲಾಖೆಯವರು ಟಾರ್ಚ್ ಹಿಡಿದು ಓದಿದರು. ಹೆಸರುಗಳು ಯಾರದೋ. ತಾರೀಕು ಹಿಂದಿನ ವಾರದ್ದು. "ಇದು ನಿಮ್ದಲ್ಲ, ಪಕ್ಕಕ್ಕೆ ಬನ್ನಿ" ಅಂದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ಅಲ್ಲೇ ವಾಪಸ್ ಬಂದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಹುಡುಗ ಯಾರಿಗೋ ಫೋನ್ ಮಾಡಿ ಬಂದ. "ಸರ್ವರ್ ಪ್ರಾಬ್ಲಂ ಸರ್. ತಲೆಗೆ 300 ಕ್ಯಾಶ್ ಕೊಡಿ, ಇಲ್ಲೇ ಮಾಡಿಸಿಬಿಡ್ತೀನಿ." ಬೆಟ್ಟದ ಮೇಲೆ ಬೇರೆಯವರ ಟಾರ್ಚ್ ಬೆಳಕು ಸಾಲಾಗಿ ಹತ್ತುತ್ತಾ ಇತ್ತು. ಅಕ್ಕನ ಮಗ "ಮಾಮಾ, ಲೇಟ್ ಆಗುತ್ತೆ" ಅಂತ ಕೈ ಎಳೆದ. ನಾನು 2,100 ಎಣಿಸಿ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ. ಯಾರೂ ಬಲವಂತ ಮಾಡಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಐದು ನಿಮಿಷ ಬಿಟ್ಟು ಬಂದು, ಆಯ್ತು ಸರ್, ಈ ಕಡೆ ಬನ್ನಿ ಅಂತ ಗೇಟಿನ ಕಡೆಗಲ್ಲ, ಲಂಟಾನ ಪೊದೆ ಕಡೆಗೆ ಕರೆದುಕೊಂಡು ಹೋದ. ಮುಳ್ಳು, ಜಾರುವ ಕಲ್ಲು. ಹತ್ತು ನಿಮಿಷ ಆಗಿರಬಹುದು, ಮುಖಕ್ಕೆ ಟಾರ್ಚ್ ಬಿತ್ತು. "ಯಾರ್ರೀ ಅದು? ಟಿಕೆಟ್ ಎಲ್ಲಿ?" ತಿರುಗಿ ನೋಡಿದರೆ ಗೈಡ್ ಇಲ್ಲ. ನಾವು ಏಳು ಜನ ಮಾತ್ರ. "ಓದಿದವರು ನೀವು, ಮಗುವನ್ನ ಬೇರೆ ಕರ್ಕೊಂಡು ಕಳ್ಳದಾರಿಲಿ ಬರ್ತೀರಲ್ರೀ" ಅಂದರು ಗಾರ್ಡ್. ಏನು ಹೇಳಲಿ? ಅವರು ಹೇಳಿದ್ದು ಸರಿಯಾಗೇ ಇತ್ತು. ಹೆಸರು, ಫೋನ್ ನಂಬರ್ ಬರೆದುಕೊಂಡು, ಕೇಸ್ ಹಾಕದೆ ಕಳಿಸಿದರು. ಅದು ಅವರ ದೊಡ್ಡತನ. ಅಕ್ಕನ ಮಗ ವಾಪಸ್ ದಾರಿ ಪೂರ್ತಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ, ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನು ದುಡ್ಡು ತೆಗೆದುಕೊಂಡವರ ಉತ್ತರ ಕೇಳಿ. ಬೆಳಿಗ್ಗೆ ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಧ್ಯಾಹ್ನ ಅವರಿಂದಲೇ ಮೆಸೇಜ್ ಬಂತು. "ಟ್ರೆಕ್ ಹೇಗಿತ್ತು ಸರ್? ಫೈವ್ ಸ್ಟಾರ್ ಕೊಡಿ." ನಡೆದದ್ದೆಲ್ಲ ಬರೆದು ಕಳಿಸಿದೆ. "ಟ್ರಾನ್ಸ್‌ಪೋರ್ಟ್ ಬಳಸಿದ್ದೀರಿ, ರೀಫಂಡ್ ಬರಲ್ಲ." ಟಿಕೆಟ್ ಎಲ್ಲಿ ಅಂತ ಕೇಳಿದೆ. "ಎಂಟ್ರಿ ಬಿಡೋದು ಬಿಡದೇ ಇರೋದು ಅರಣ್ಯ ಇಲಾಖೆಗೆ ಬಿಟ್ಟಿದ್ದು." ಅಲ್ಲ ಸ್ವಾಮಿ, ಟಿಕೆಟ್ ಮಾಡಿಸಿದ್ದೀರಾ, ಅಷ್ಟು ಹೇಳಿ. "ಅಡ್ಡದಾರಿಲಿ ಹೋಗಿದ್ದು ನೀವು ಸರ್. ಕಂಪ್ಲೇಂಟ್ ಕೊಟ್ಟರೆ ನಿಮಗೇ ತೊಂದರೆ." 2,100 ಬಗ್ಗೆ ಕೇಳಿದರೆ, ಆ ಹುಡುಗ ನಮ್ಮವನೇ ಅಲ್ಲ ಅಂದರು. ಕೊನೆಗೆ ಮುಂದಿನ ಟ್ರೆಕ್‌ಗೆ 500 ಡಿಸ್ಕೌಂಟ್ ಕೊಡುತ್ತೇವೆ ಅಂದರು. ಬೇಡ ಅಂದ ತಕ್ಷಣ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದು ಹಾಕಿದರು.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, 1915 ಗ್ರಾಹಕ ಸಹಾಯವಾಣಿಗೂ ಹೇಳಿದ್ದೇನೆ. ದುಡ್ಡು ಕಳಿಸಿದ್ದಕ್ಕೆ ಯುಪಿಐ ದಾಖಲೆ ಇದೆ. ಕ್ಯಾಶ್ ಕೊಟ್ಟಿದ್ದಕ್ಕೆ ಏನೂ ಇಲ್ಲ. ಗೆಳೆಯರ ಪಾಲು ನಾನೇ ವಾಪಸ್ ಕೊಟ್ಟೆ, ಇಬ್ಬರು ತೆಗೆದುಕೊಳ್ಳಲಿಲ್ಲ.

ನೀವೇ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಬುಕ್ ಮಾಡಿ, ಟಿಟಿ ಬೇಕಾದರೆ ಬೇರೆ ಮಾಡಿಕೊಳ್ಳಿ. ಗೇಟಿನಲ್ಲಿ ಏನೇ ಸಮಸ್ಯೆ ಬಂದರೂ ಇಲಾಖೆಯವರನ್ನೇ ಕೇಳಿ, ಮಧ್ಯದವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅವರ ಜಾಹೀರಾತು ಇವತ್ತೂ ಓಡುತ್ತಾ ಇದೆ. ಮುಂದಿನ ಶನಿವಾರಕ್ಕೆ, ಮತ್ತೆ ಅದೇ "ಕೊನೆಯ 8 ಸೀಟು". ಯಾರಾದರೂ ಕಟ್ಟಿದ್ದರೆ ಇವತ್ತೇ ಟಿಕೆಟ್ ಕೇಳಿ. ನಿಮ್ಮ ಹೆಸರು, ನಿಮ್ಮ ತಾರೀಕು ಇರುವ ಟಿಕೆಟ್. ಟಿಟಿ ಹತ್ತಿದ ಮೇಲೆ ಅಲ್ಲ, ಇವತ್ತೇ.