ಫ್ಲ್ಯಾಶ್ ತಗೊಳ್ಳುವಾಗ ಟೆಸ್ಟ್ ಬಟನ್ ನಂಬಬೇಡಿ

ನಿಮ್ಮ ಹತ್ತಿರ ಕ್ಯಾನನ್ 200ಡಿ ಮಾರ್ಕ್ 2 ಅಥವಾ 3000ಡಿ ಇದೆಯಾ? ಹೊರಗಿನ ಫ್ಲ್ಯಾಶ್ ತರೋಣ ಅಂತ ಹುಬ್ಬಳ್ಳಿ ಬಸ್ ಹತ್ತುವವರಿದ್ದೀರಾ? ಹಾಗಿದ್ದರೆ ಮೊದಲು ಕ್ಯಾಮೆರಾದ ತಲೆ ಮೇಲಿನ ಹಾಟ್ ಶೂ, ಅಂದರೆ ಫ್ಲ್ಯಾಶ್ ಕೂರಿಸುವ ಗಾಡಿಯ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ನನ್ನದು 200ಡಿ ಮಾರ್ಕ್ 2, ನಾನು ಈ ಕೆಲಸ ಮಾಡಿದ್ದು ದುಡ್ಡು ಕೊಟ್ಟು ಬಂದ ಮೇಲೆ.

ಅಕ್ಕನ ಕುಬಸ (ಸೀಮಂತ) ಗದಗದ ನಮ್ಮ ಹಳೇ ಮನೆಯಲ್ಲಿತ್ತು. ಹಳೇ ಮನೆ ಅಂದರೆ ಗೊತ್ತಲ್ಲ, ಮೇಲೆ ತೊಲೆ, ಜಂತಿ, ಹೊಗೆ ಹಿಡಿದು ಕರ್ರಗಾದ ಹಲಗೆ. ಸ್ಲ್ಯಾಬಿನ ಮನೆಯಾದರೆ ಫ್ಲ್ಯಾಶಿನ ಮೂತಿ ಮೇಲಕ್ಕೆ ತಿರುಗಿಸಿದರೆ ಸಾಕು, ಬೆಳಕು ಬಿಳಿ ಚಾವಣಿಗೆ ಬಡಿದು ಮೆತ್ತಗಾಗಿ ಇಳಿಯುತ್ತದೆ. ನಮ್ಮ ಜಂತಿ ಅದನ್ನು ನುಂಗಿ ಕೂರುತ್ತದೆ. ಗೋಡೆ ಕಡೆ ತಿರುಗಿಸೋಣ ಅಂದರೆ ಗೋಡೆಗೆ ಹಸಿರು ಡಿಸ್ಟೆಂಪರ್, ಮುಖಾನೂ ಹಸಿರು. ಇನ್ನು ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಶ್ ಲೆನ್ಸಿಗೆ ತೀರಾ ಹತ್ತಿರ. ಕಣ್ಣು ಕೆಂಪಾಗುತ್ತವೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಕಿವಿ ಪಕ್ಕದಲ್ಲಿ ಗೋಡೆ ಮೇಲೆ ಕರಿ ನೆರಳು.

ಅದಕ್ಕೇ ಎಲ್ ಆಕಾರದ ಬ್ರಾಕೆಟ್ ಬೇಕೆನಿಸಿತು. ಅದು ಕ್ಯಾಮೆರಾದ ಅಡಿಗೆ ಸ್ಕ್ರೂನಿಂದ ಕೂರುತ್ತದೆ, ಎಡಗಡೆಯ ಹಿಡಿಯ ತುದಿಯಲ್ಲಿ ಫ್ಲ್ಯಾಶ್. ಎಡಗಡೆ ಮೇಲೆ ಬರುವ ಹಾಗೆ ಕ್ಯಾಮೆರಾ ಉದ್ದಕ್ಕೆ ತಿರುಗಿಸಿದರೆ ಫ್ಲ್ಯಾಶ್ ಎತ್ತರಕ್ಕೆ ಹೋಗುತ್ತದೆ, ನೆರಳು ಆಳಿನ ಬೆನ್ನ ಹಿಂದೆ ಕೆಳಗೆ ಬೀಳುತ್ತದೆ. ಲೆಕ್ಕ ಸರಿಯಾಗೇ ಇತ್ತು.

ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆ. ಕ್ಯಾಮೆರಾ ಒಯ್ದಿರಲಿಲ್ಲ, ಆ ತಪ್ಪು ನಂದೇ. ಮಾಡೆಲ್ ಹೆಸರು ಮಾತ್ರ ಎರಡು ಸಲ ಹೇಳಿದೆ. ಅಂಗಡಿಯವರು ಒಂದು ಮ್ಯಾನ್ಯುಯಲ್ ಫ್ಲ್ಯಾಶ್ (ಬೆಳಕು ಎಷ್ಟು ಬೇಕೋ ನಾವೇ ಕೈಯಲ್ಲಿ ಹೊಂದಿಸುವಂಥದ್ದು) ತೆಗೆದು, ನಾಲ್ಕು ಪೆನ್ಸಿಲ್ ಸೆಲ್ ಹಾಕಿ, ಹಿಂದಿನ ಟೆಸ್ಟ್ ಬಟನ್ ಒತ್ತಿದರು. ಫಳ್ ಅಂತು. ‘ನೋಡ್ರಿ ಸರ, ಹೆಂಗ್ ಹೊಡೀತು! ಎಲ್ಲಾ ಕ್ಯಾಮೆರಾಕ್ಕೂ ನಡೀತೈತ್ರಿ.’ ಫ್ಲ್ಯಾಶ್, ಬ್ರಾಕೆಟ್, ಫ್ಲ್ಯಾಶನ್ನು ಕ್ಯಾಮೆರಾಕ್ಕೆ ಸೇರಿಸುವ ಕೇಬಲ್, ಎಲ್ಲಾ ಕೂಡಿ ನಾಲ್ಕು ಸಾವಿರದ ಮೇಲಾಯಿತು. ಖುಷಿಯಲ್ಲಿ ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿಂದು ಊರಿಗೆ ಬಂದೆ.

ಮನೆಯಲ್ಲಿ ಎಲ್ಲಾ ಜೋಡಿಸಿ ಅವ್ವನನ್ನು ನಿಲ್ಲಿಸಿ ಕ್ಲಿಕ್ ಮಾಡಿದೆ. ಶಟರ್ ಸದ್ದು ಬಂತು, ಬೆಳಕಿಲ್ಲ. ಸೆಲ್ ಬದಲಿಸಿದೆ. ಕೇಬಲ್ ತೆಗೆದು ನೇರ ಕ್ಯಾಮೆರಾ ಮೇಲೇ ಕೂರಿಸಿದೆ. ಪಿನ್ನುಗಳನ್ನು ರಬ್ಬರಿನಿಂದ ಉಜ್ಜಿದೆ. ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಫಳ್. ‘ಮಿಂಚು ಬರಲಿಲ್ಲಲ್ಲೋ ತಮ್ಮಾ’ ಅಂತ ಅವ್ವ ಒಲೆ ಕಡೆ ಹೋದಳು.

ಪಕ್ಕದ ಓಣಿಯ ಗೆಳೆಯನ ಹತ್ತಿರ ಹಳೇ 1300ಡಿ ಇದೆ. ಅದರ ಮೇಲೆ ಕೂರಿಸಿದರೆ ಪಟ್ ಅಂತ ಹೊಡೆಯಿತು. ಆಗ ಎರಡೂ ಕ್ಯಾಮೆರಾ ಅಕ್ಕಪಕ್ಕ ಇಟ್ಟು ಟಾರ್ಚ್ ಬಿಟ್ಟೆವು. ಅವನದರಲ್ಲಿ ನಾಲ್ಕು ಸಣ್ಣ ಚುಕ್ಕೆ, ನಡುವೆ ಒಂದು ದೊಡ್ಡ ದುಂಡನೆ ಲೋಹದ ಚುಕ್ಕೆ. ನನ್ನದರಲ್ಲಿ ನಾಲ್ಕು ಸಣ್ಣವು ಇವೆ, ನಡುವಿನ ಜಾಗ ಬೋಳು.

ಆ ದೊಡ್ಡ ಚುಕ್ಕೆಯೇ ‘ಈಗ ಹೊಡಿ’ ಅನ್ನುವ ಸಂಪರ್ಕ. ಮ್ಯಾನ್ಯುಯಲ್ ಫ್ಲ್ಯಾಶಿಗೆ ಅದೊಂದೇ ಭಾಷೆ ಗೊತ್ತು. 2019ರಲ್ಲಿ ಬಂದ 200ಡಿ ಮಾರ್ಕ್ 2ರಲ್ಲಿ ಅದು ಇಲ್ಲ, 3000ಡಿಯಲ್ಲೂ ಇಲ್ಲ. ಕ್ಯಾನನ್‌ನ ಇ-ಟಿಟಿಎಲ್, ಅಂದರೆ ಕ್ಯಾಮೆರಾನೇ ಬೆಳಕು ಅಳೆದು ಹೊಂದಿಸುವ ಫ್ಲ್ಯಾಶುಗಳು ಸಣ್ಣ ಪಿನ್ನುಗಳ ಮೂಲಕ ಮಾತಾಡುವುದರಿಂದ ಇವುಗಳ ಮೇಲೂ ನಡೆಯುತ್ತವೆ. ಬೇರೆ ಕಂಪನಿಯವು ನಿಮ್ಮದೇ ಕ್ಯಾಮೆರಾ ಮೇಲೆ ಕೂತು, ನಿಮ್ಮದೇ ಶಟರ್ ಒತ್ತಿದಾಗ ಹೊಡೆದರೆ ಮಾತ್ರ ತಗೊಳ್ಳಿ. ಟೆಸ್ಟ್ ಬಟನ್ ಒತ್ತಿದರೆ ಫ್ಲ್ಯಾಶ್ ಮೇಜಿನ ಮೇಲಿದ್ದರೂ ಹೊಡೆಯುತ್ತದೆ, ಅದಕ್ಕೆ ಕ್ಯಾಮೆರಾನೇ ಬೇಕಿಲ್ಲ.

ಮರುದಿನ ಮತ್ತೆ ಹುಬ್ಬಳ್ಳಿ. ‘ಪೀಸ್ ಚಲೋ ಐತಲ್ರಿ, ನಿಮ್ಮ ಕ್ಯಾಮೆರಾದಾಗ ಪಿನ್ ಇಲ್ಲಂದ್ರ ನಾ ಏನ್ ಮಾಡ್ಲಿ?’ ಕೈಯಲ್ಲಿ ಬರೆದುಕೊಟ್ಟ ಚೀಟಿ ಬಿಟ್ಟರೆ ನನ್ನ ಹತ್ತಿರ ಬಿಲ್ ಇರಲಿಲ್ಲ. ಕೇಬಲ್ ಮಾತ್ರ ವಾಪಸ್ ತಗೊಂಡರು, ಅದೂ ಅರ್ಧ ರೇಟಿಗೆ.

ಬ್ರಾಕೆಟ್ಟಿನದು ಬೇರೆಯೇ ಕಥೆ. ಅದರ ಕಾಲಿಂಚಿನ ಸ್ಕ್ರೂ ಉದ್ದ ಜಾಸ್ತಿ. ತುದಿ ಒಳಗೆ ತಾಗಿ ನಿಂತಿತು, ಬ್ರಾಕೆಟ್ ಮಾತ್ರ ಇನ್ನೂ ಗಡಗಡ. ನಾನು ಐದು ರೂಪಾಯಿ ನಾಣ್ಯ ಹಾಕಿ ತಿರುಗಿಸಲು ಹೋಗಿ, ಯಾಕೋ ಕೈ ತಡೆದು ಬಿಟ್ಟೆ. ಬಿಟ್ಟಿದ್ದು ಒಳ್ಳೆಯದಾಯಿತು. 5.5 ಮಿಲಿಮೀಟರಿಗಿಂತ ಉದ್ದದ ಸ್ಕ್ರೂ ಹಾಕಬೇಡಿ ಅಂತ ಕೆಲವು ಕ್ಯಾಮೆರಾಗಳ ಕೈಪಿಡಿಯಲ್ಲೇ ಇರುತ್ತದೆ. ಒತ್ತಿ ತಿರುಗಿಸಿದರೆ ತಳದಲ್ಲಿ ಸ್ಕ್ರೂ ಕೂರುವ ಜಾಗವೇ ಕಿತ್ತು ಬರಬಹುದು. ಸೈಕಲ್ ಟ್ಯೂಬಿನ ಎರಡು ತುಂಡು ಕತ್ತರಿಸಿ ನಡುವೆ ಕೊಟ್ಟೆ, ಗಟ್ಟಿಯಾಗಿ ಕೂತಿತು.

ಕುಬಸದ ದಿನ ಫ್ಲ್ಯಾಶನ್ನು ಸ್ಲೇವ್ ಮೋಡಿಗೆ ಹಾಕಿದೆ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಮಿಂಚಿದರೆ ಅದನ್ನು ನೋಡಿ ದೊಡ್ಡದೂ ಹೊಡೆಯುತ್ತದೆ. ಇದರಲ್ಲಿ ಎಸ್1, ಎಸ್2 ಅಂತ ಎರಡಿದ್ದವು: ಎಸ್1 ಮೊದಲ ಮಿಂಚಿಗೇ ಹೊಡೆಯುತ್ತದೆ, ಎಸ್2 ಮೊದಲನೆಯದನ್ನು ಬಿಟ್ಟು ಮುಖ್ಯ ಮಿಂಚಿಗೆ. ಕ್ಯಾನನ್ ಮೊದಲು ಒಂದು ಸಣ್ಣ ಮುನ್ಮಿಂಚು ಬಿಡುವುದರಿಂದ ಎಸ್2 ಬೇಕಾಯಿತು. ಕೆಲಸ ನಡೆಯಿತು. ಆದರೆ ಕಾಕಾನ ಮಗನೂ ತನ್ನ ಕ್ಯಾಮೆರಾ ತಂದಿದ್ದ. ಅವನು ಕ್ಲಿಕ್ ಮಾಡಿದಾಗಲೆಲ್ಲ ನನ್ನ ಫ್ಲ್ಯಾಶ್ ಅವನ ಫೋಟೋಕ್ಕೆ ಬೆಳಕು ಕೊಡುತ್ತಿತ್ತು. ನಾನು ಒತ್ತುವ ಹೊತ್ತಿಗೆ ಚಾರ್ಜ್ ಆಗುತ್ತಾ ಕೂತಿರುತ್ತಿತ್ತು!

ಅಕ್ಕನಿಗೆ ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಕಾರ್ಡ್ ತುಂಬಿತು. 200ಡಿ ಮಾರ್ಕ್ 2ರಲ್ಲಿ ಬ್ಯಾಟರಿ, ಕಾರ್ಡ್ ಎರಡಕ್ಕೂ ತಳದಲ್ಲೇ ಬಾಗಿಲು. ಆ ಬಾಗಿಲ ಮೇಲೆ ನನ್ನ ಬ್ರಾಕೆಟ್. ನಾಣ್ಯಕ್ಕೆ ಜೇಬು ತಡಕಾಡಿ, ಸ್ಕ್ರೂ ಬಿಚ್ಚಿ, ಟ್ಯೂಬಿನ ತುಂಡು ಕೆಳಗೆ ಬಿದ್ದು, ಅದನ್ನು ಹುಡುಕಿ ತಲೆ ಎತ್ತುವಷ್ಟರಲ್ಲಿ ಉಡಿ ತುಂಬಿ ಆಗಿತ್ತು. ಆರತಿ ಶುರುವಾಗಿತ್ತು. ಉಡಿ ತುಂಬುವ ಫೋಟೋ ನಮ್ಮ ಆಲ್ಬಮ್ಮಿನಲ್ಲಿ ಇರುವುದು ಕಾಕಾನ ಮಗ ತೆಗೆದಿದ್ದೇ. ಬೆಳಕು ಚೆನ್ನಾಗಿ ಬಂದಿದೆ, ಅದು ನನ್ನ ಫ್ಲ್ಯಾಶಿನದು.