ಬೊಂಬೆಗೆ ಫುಲ್ ಮಾರ್ಕ್ಸ್, ಹಳಿಗೆ ಇಲ್ಲ

ಸಾಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಕಟಿಂಗ್ ಟೇಬಲ್ಲಿನ ಒಂದು ತುದಿ ಈಗ ತಾಳಗುಪ್ಪ ಸ್ಟೇಷನ್ ಆಗಿದೆ. ಆನ್‌ಲೈನಲ್ಲಿ ಎಚ್‌ಒ ಅಳತೆಯ ಒಂದು ಮಾಡೆಲ್ ರೈಲು ಸೆಟ್ಟು, ಜೊತೆಗೆ ಬಣ್ಣ ಹಚ್ಚದ ಬೊಂಬೆಗಳ ಡಬ್ಬಿ ತರಿಸಿದ್ದೆ. ಕಂಪನಿ ಹೆಸರು ಬೇಡ, ಯಾಕೆಂದರೆ ದೂರೂ ಇದೆ.

ಎಚ್‌ಒ ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಐದೂವರೆ ಅಡಿ ಆಳು ಇಲ್ಲಿ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಎಂಜಿನ್ ಚೆನ್ನಾಗಿದೆ. ಸದ್ದು ಕಡಿಮೆ, ನಿಧಾನಕ್ಕೂ ಹೋಗುತ್ತದೆ. ಹಳಿ ಮಾತ್ರ ಉಕ್ಕಿನದು. ನಮ್ಮ ಮಳೆಗಾಲಕ್ಕೆ ಅದು ಆಗಿಬರುವುದಿಲ್ಲ. ಜುಲೈ ಹೊತ್ತಿಗೆ ಅಲ್ಲಲ್ಲಿ ತುಕ್ಕು ಬಂತು. ಎಂಜಿನ್ನಿಗೆ ಕರೆಂಟ್ ಬರುವುದೇ ಹಳಿಯಿಂದ ಅಲ್ವಾ? ತುಕ್ಕಿದ್ದ ಕಡೆ ಗಕ್ಕನೆ ನಿಲ್ಲುತ್ತದೆ, ಬೆರಳಲ್ಲಿ ತಳ್ಳಬೇಕು. ನೀವು ಕೊಳ್ಳುವುದಾದರೆ ನಿಕ್ಕಲ್ ಸಿಲ್ವರ್ ಹಳಿ ಕೇಳಿ. ತಾಮ್ರ, ನಿಕ್ಕಲ್, ಸತು ಬೆರೆಸಿದ್ದು, ಹೀಗೆ ತುಕ್ಕು ಹಿಡಿಯುವುದಿಲ್ಲ.

ಇನ್ನೊಂದು ತಕರಾರು. ಎರಡು ಹಳಿಗಳ ನಡುವಿನ ಅಗಲ 16.5 ಮಿ.ಮೀ. ಅದು ಯುರೋಪಿನ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19 ದಾಟುತ್ತದೆ. ತಾಳಗುಪ್ಪಕ್ಕೆ ಮೊದಲು ಓಡುತ್ತಿದ್ದ ಮೀಟರ್‌ಗೇಜ್ ರೈಲು ಬೇಕೆಂದರೆ 12 ಮಿ.ಮೀ. ಹಳಿಯನ್ನೇ ಬೇರೆ ತರಿಸಬೇಕು. ಆಗಿನ ರೈಲ್‌ಬಸ್ಸಿನ ಮಾಡೆಲ್ ಯಾರಾದರೂ ಮಾಡಿದರೆ ನಾನು ಅಡ್ವಾನ್ಸ್ ಕೊಡಲು ತಯಾರು.

ಮಜಾ ಇರುವುದು ಬೊಂಬೆಗಳಲ್ಲಿ. ಎಲ್ಲರೂ ಚಳಿ ದೇಶದವರು. ಕೋಟು, ಹ್ಯಾಟು, ಮೊಣಕಾಲಿನ ತನಕ ಸ್ಕರ್ಟು. ನನ್ನ ಪಾಲಿಗೆ ಇದು ಆಲ್ಟರೇಷನ್ ಕೆಲಸ. ಟಿಶ್ಯೂ ಪೇಪರನ್ನು ಫೆವಿಕಾಲ್ ನೀರಲ್ಲಿ ಅದ್ದಿ ಸುತ್ತಿದರೆ ಸೀರೆ, ಸೆರಗು ಎರಡೂ ಬರುತ್ತವೆ. ಉದ್ದ ಕೋಟಿನವನ ಕಾಲರ್ ಕೆರೆದು ಕಪ್ಪು ಬಳಿದೆ, ಕಂಬಳಿ ಕೊಪ್ಪೆಯವನಾದ. ಮೊದಲು ಸೋಪಿನ ನೀರಲ್ಲಿ ತೊಳೆಯಿರಿ, ಅಚ್ಚಿನ ಜಿಡ್ಡು ಹೋಗಬೇಕು. ಆಮೇಲೆ ಪ್ರೈಮರ್, ಅದರ ಮೇಲೆ ತೆಳ್ಳಗೆ ಅಕ್ರಿಲಿಕ್. ಜರಿ ಅಂಚಿಗೆ ಚಿನ್ನದ ಬಣ್ಣ ಬೇಡ, ಅದರ ಕಣ ದಪ್ಪ ಕಾಣುತ್ತದೆ. ಸಾಸಿವೆ ಹಳದಿಯನ್ನು ಸೂಜಿ ತುದಿಯಲ್ಲಿ ಎಳೆಯಿರಿ. ಕಣ್ಣು ಬರೆಯಲು ಹೋಗಬೇಡಿ, ದೆವ್ವ ಹಿಡಿದವರ ಹಾಗೆ ಕಾಣುತ್ತಾರೆ. ನೀರು ನೀರಾದ ಕಂದು ಬಣ್ಣ ಸವರಿದರೆ ಸಾಕು. ಅದು ಗುಳಿಗಳಲ್ಲಿ, ನೆರಿಗೆಗಳಲ್ಲಿ ತಾನಾಗಿ ಇಳಿದು ಮುಖ ಎದ್ದು ಬರುತ್ತದೆ. ಮಳೆಗಾಲದಲ್ಲಿ ಒಣಗುವುದು ನಿಧಾನ, ಅಷ್ಟೇ.

ಬ್ಲೌಸ್ ಕೊಡಲು ಬಂದ ಅಕ್ಕ ಒಬ್ಬರು ಬಗ್ಗಿ ನೋಡಿ, "ಈ ಅಳತೆಗೂ ಹೊಲಿತೀರಾ? ನಮ್ಮದು ಮಾತ್ರ ಹಬ್ಬ ಕಳೆದ ಮೇಲೆ ಅಲ್ವಾ!" ಅಂದರು. ಉತ್ತರ ಹೊಳೆಯಲಿಲ್ಲ.

ಸೆಟ್ಟು ಸುಮಾರು, ಹಳಿ ಬದಲಿಸುವ ಖರ್ಚು ಸೇರಿಸಿಕೊಂಡೇ ಯೋಚಿಸಿ. ಬೊಂಬೆ ಡಬ್ಬಿ ಕಣ್ಣುಮುಚ್ಚಿ ತಗೊಳ್ಳಿ. ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬೇಡ, ಸೀದಾ ಬಾಯಿಗೆ ಹೋಗುತ್ತದೆ. ಈಗ ಅಡಿಕೆ ಕೊನೆ ಕೊಯ್ಯುವ ಆಳಿನ ಬೊಂಬೆಗೆ ಹಾಳೆ ಟೋಪಿ ಮಾಡಬೇಕಿದೆ. ನಿಜವಾದ ಅಡಿಕೆ ಹಾಳೆ ಕತ್ತರಿಸಿ ನೋಡಿದೆ, ತುಂಬಾ ದಪ್ಪ. ಯಾರಿಗಾದರೂ ಉಪಾಯ ಗೊತ್ತಿದ್ದರೆ ಹೇಳಿ.