ದೊಡ್ಡ ಡಿಶ್ ಹಾಕಿಸುವವರೇ, ಪೂರ್ತಿ ಹಣ ಕೊಡುವ ಮೊದಲು ಇದನ್ನು ಓದಿ

ಕೋಪ ಇನ್ನೂ ಆರಿಲ್ಲ, ವಿಷಯ ಹಿಂದುಮುಂದಾದರೆ ಕ್ಷಮಿಸಿ. ನಮ್ಮ ತಾರಸಿಯ ಮೇಲೆ ಎಂಟು ಅಡಿಯ ಜಾಲರಿ ಡಿಶ್ ನಿಂತು ಮೂರು ವಾರವಾಯಿತು. ಇವತ್ತಿನವರೆಗೆ ಅದರಿಂದ ಒಂದೇ ಒಂದು ಚಾನೆಲ್ ಬಂದಿಲ್ಲ. ಹಣ ಮಾತ್ರ ಪೂರ್ತಿ ಹೋಗಿದೆ.

ಹಾಕಿಕೊಟ್ಟವನ ಮಾತು ಹೀಗಿತ್ತು: "ತಿಂಗಳ ಕಂತಿಲ್ಲ, ಕ್ರೀಡಾ ಚಾನೆಲ್ ಸೇರಿ ಎಲ್ಲವೂ ಕೊನೆಯವರೆಗೂ ಉಚಿತ ಸರ್." ನಂಬಿದೆ. ಕಂಬ ನೆಟ್ಟ, ಡಿಶ್ ಕೂರಿಸಿದ, ಕೇಬಲ್ ಎಳೆದ. ಆಮೇಲೆ ಟಿವಿಯ ಹಿಂದೆ ಬಗ್ಗಿ, ಸಾಫ್ಟ್‌ವೇರ್ ಹಾಕುತ್ತೇನೆ ಎನ್ನುತ್ತ ರಿಸೀವರ್‌ಗೆ ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲೆ ಹಸಿರು ಪಟ್ಟಿ, ಸ್ಟ್ರೆಂತ್ 92. ಹಿಂದೆಯೇ ವಾರ್ತೆ ಬಂತು, ಆಟ ಬಂತು, ಚಿತ್ರ ಕನ್ನಡಿಯಷ್ಟು ಸ್ವಚ್ಛ.

ಮಗಳು ಪಕ್ಕದಲ್ಲಿ ನಿಂತಿದ್ದಳು. "ಅಪ್ಪಾ, ಟಿವಿಯಲ್ಲಿ ಗಂಟೆ ತಪ್ಪಿದೆ" ಎಂದಳು. ವಾರ್ತೆಯ ಮೂಲೆಯಲ್ಲಿ ಬೆಳಗಿನ 8:10 ಎಂದಿತ್ತು, ನಮ್ಮ ಗೋಡೆಯಲ್ಲಿ ಸಂಜೆ ಐದೂಕಾಲು. ಅವನು ತಿರುಗಿಯೂ ನೋಡದೆ, "ಉಪಗ್ರಹದಿಂದ ಬರುವಾಗ ಸ್ವಲ್ಪ ತಡವಾಗುತ್ತದೆ ಸರ್" ಎಂದ. ನಾನು ಮಗಳಿಗೆ, ದೊಡ್ಡವರ ನಡುವೆ ಬಾಯಿ ಹಾಕಬೇಡ ಎಂದು ಗದರಿದೆ. ಬಾಕಿ ಹಣ ಎಣಿಸಿ ಕೊಟ್ಟೆ. ಅವನು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡು ಇಳಿದು ಹೋದ.

ತಡವಂತೆ! ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಸಾಕು. ಉಳಿದ ಸಂಸ್ಕರಣೆ ಎಲ್ಲ ಸೇರಿದರೂ ಕೆಲವೇ ಸೆಕೆಂಡು. ಒಂಬತ್ತು ಗಂಟೆ ಎಲ್ಲಿಂದ ಬಂತು?

ಅವನು ಹೋದ ಮೇಲೆ ನೋಡಿದರೆ ಪರದೆ ಕಪ್ಪು. ಸ್ಟ್ರೆಂತ್ ಅದೇ 92, ಅದರ ಕೆಳಗಿನ ಕ್ವಾಲಿಟಿ ಸೊನ್ನೆ. ಫೋನ್ ಮಾಡಿದೆ. "ಮೋಡ ಇದೆ ಸರ್, ನಾಳೆ ಬರುತ್ತದೆ." ಮರುದಿನ ಬಿಸಿಲು ಸುಡುತ್ತಿತ್ತು. "ಡಿಶ್ ಹೊಂದಿಕೊಳ್ಳಲು ಎರಡು ದಿನ ಬೇಕು ಸರ್." ಎರಡು ದಿನ ಕಳೆದ ಮೇಲೆ, "ನಿಮ್ಮ ಟಿವಿಯೇ ಹಳೆಯದು." ಆಮೇಲೆ, "ಎಲ್‌ಎನ್‌ಬಿ ಹೋಗಿದೆ, ಹೊಸದಕ್ಕೆ ಹಣ ಹಾಕಿ." ಎಲ್‌ಎನ್‌ಬಿ ಎಂದರೆ ಡಿಶ್‌ನ ಮುಂದೆ ಕೂತು ಸಂಕೇತ ಹಿಡಿಯುವ ಸಾಧನ. ಈಗ ಫೋನ್ ಎತ್ತುವುದಿಲ್ಲ. ಆ ಮೋಡದ ಮಾತೂ ಸುಳ್ಳೇ. 3.7ರಿಂದ 4.2 ಗಿಗಾಹರ್ಟ್ಸ್‌ನ ರೇಡಿಯೊ ಅಲೆಗಳ ಪಟ್ಟಿಯಾದ ಸಿ ಬ್ಯಾಂಡ್‌ಗೆ ಇಷ್ಟು ದೊಡ್ಡ ಡಿಶ್ ಹಾಕಿಸಿಕೊಳ್ಳುವವರು ನೆಚ್ಚಿಕೊಳ್ಳುವುದೇ ಅದು ಮೋಡಕ್ಕೆ, ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ ಎಂಬುದನ್ನು. ಮಳೆಗೆ ಅಂಜುವುದು ಸಣ್ಣ ಡಿಶ್‌ನ ಕು ಬ್ಯಾಂಡ್.

ಕೊನೆಗೆ ಈ ಕೆಲಸ ಬಲ್ಲ ಸ್ನೇಹಿತರೊಬ್ಬರು ಬಂದರು. ಮೊದಲು ಕೇಳಿದ್ದೇ, "ಪೆನ್‌ಡ್ರೈವ್ ಹಾಕಿದ್ದನೇ?" ತಮ್ಮದೊಂದನ್ನು ಚುಚ್ಚಿ, ಎಂದೋ ರೆಕಾರ್ಡ್ ಮಾಡಿಟ್ಟ ವಾರ್ತೆಯನ್ನು ಪರದೆ ತುಂಬ ಓಡಿಸಿದರು. ಥೇಟ್ ಅವತ್ತಿನ ಹಾಗೆಯೇ. ನನಗೆ ನಿಂತಲ್ಲೇ ಮೈ ಬಿಸಿಯಾಯಿತು. ಮಗಳು ಏನೂ ಅನ್ನಲಿಲ್ಲ, ಮೂಲೆಯ ಗಡಿಯಾರವನ್ನೇ ನೋಡುತ್ತಿದ್ದಳು.

ತಾರಸಿಯ ಮೇಲೆ ಅವರು ಡಿಶ್‌ನ ಅಂಚಿನಿಂದ ಅಂಚಿಗೆ ಎರಡು ದಾರಗಳನ್ನು ಅಡ್ಡಡ್ಡ ಬಿಗಿದು ಕಟ್ಟಿದರು. ಅಂಚು ಸಮವಾಗಿದ್ದರೆ ದಾರಗಳು ನಡುವೆ ತಾಗಿಕೊಂಡಿರಬೇಕು. ನಮ್ಮದರಲ್ಲಿ ನಡುವೆ ಎರಡು ಬೆರಳು ಹೋಗುತ್ತಿತ್ತು. ಡಿಶ್ ತಿರುಚಿಕೊಂಡಿದೆ! ಅಗಲ 240 ಸೆಂಟಿಮೀಟರ್, ಆಳ 40. ಅಗಲದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸಿದರೆ 90 ಬರುತ್ತದೆ, ಎಲ್‌ಎನ್‌ಬಿಯ ಬಾಯಿ ಡಿಶ್‌ನ ನಡುವಿನಿಂದ ಅಷ್ಟು ಸೆಂಟಿಮೀಟರ್ ದೂರದಲ್ಲಿರಬೇಕು. ಅವನು 75ಕ್ಕೆ ಬಿಗಿದಿದ್ದ. ಕಂಬವೂ ನೆಟ್ಟಗಿಲ್ಲ. ಇಷ್ಟು ದೊಡ್ಡ ಡಿಶ್ ಆಕಾಶದಲ್ಲಿ ನೋಡುವುದು ಎರಡು ಡಿಗ್ರಿ ಚಿಲ್ಲರೆ ಮಾತ್ರ, ಸ್ವಲ್ಪ ಸರಿದರೂ ಉಪಗ್ರಹ ತಪ್ಪಿತು.

ಸ್ಟ್ರೆಂತ್ ಅಂಕಿಯನ್ನು ನಂಬಬೇಡಿ. ದಯವಿಟ್ಟು ನಂಬಬೇಡಿ. ಎಲ್‌ಎನ್‌ಬಿಗೆ ವಿದ್ಯುತ್ ತಲುಪಿದರೆ ಸಾಕು, ಬಹಳಷ್ಟು ರಿಸೀವರ್‌ಗಳಲ್ಲಿ ಡಿಶ್ ಎತ್ತ ಮುಖ ಮಾಡಿದ್ದರೂ ಆ ಪಟ್ಟಿ ಏರುತ್ತದೆ. ನೋಡಬೇಕಾದದ್ದು ಕ್ವಾಲಿಟಿ, ಉಪಗ್ರಹದ ಸಂಕೇತ ಸರಿಯಾಗಿ ಸಿಕ್ಕಿದೆಯೇ ಎಂದು ಹೇಳುವ ಅಂಕಿ. ಚಿತ್ರ ಓಡುತ್ತಿರುವಾಗಲೇ ಡಿಶ್‌ನ ಕೇಬಲನ್ನು ರಿಸೀವರ್‌ನಿಂದ ಬಿಚ್ಚಲು ಹೇಳಿ. ಆಗಲೂ ಚಿತ್ರ ಓಡುತ್ತಲೇ ಇದ್ದರೆ ಅವನನ್ನು ಬಾಗಿಲು ದಾಟಲು ಬಿಡಬೇಡಿ. ಒಂದು ವಾರ ನೋಡಿದ ಮೇಲೆ ಬಾಕಿ ಕೊಡಿ. ಗೂಢಲಿಪಿಯಲ್ಲಿ ಬರುವ ಪಾವತಿ ಚಾನೆಲ್‌ಗಳು ಎಷ್ಟು ದೊಡ್ಡ ಡಿಶ್ ಹಾಕಿದರೂ ಚಂದಾ ಇಲ್ಲದೆ ನ್ಯಾಯವಾಗಿ ತೆರೆಯುವುದಿಲ್ಲ. ಉಚಿತವಾಗಿ ಸಿಗುವುದು ಮುಕ್ತವಾಗಿ ಬಿತ್ತರಿಸುವ ಚಾನೆಲ್‌ಗಳಷ್ಟೇ. ಇದನ್ನು ನಾನು ಮೊದಲೇ ಕೇಳಿ ತಿಳಿಯಬೇಕಿತ್ತು.

ಮಗಳಲ್ಲಿ ತಪ್ಪಾಯಿತು ಎಂದು ಕೇಳಿಕೊಂಡೆ. ನಿನ್ನೆ ಅದೇ ಮನುಷ್ಯ ಮತ್ತೊಂದು ಮನೆಯ ತಾರಸಿಗೆ ಜಾಲರಿ ಏರಿಸುತ್ತಿದ್ದುದನ್ನು ಕಣ್ಣಾರೆ ಕಂಡೆ. ಆ ಮನೆಯವರಿಗೆ ಹೇಳಿ ಬಂದಿದ್ದೇನೆ. ಉಳಿದವರ ಮನೆಗೆಲ್ಲ ಹೋಗಲು ನನ್ನಿಂದಾಗದು, ಅದಕ್ಕೇ ಇಷ್ಟು ಬರೆದೆ.